ಗಾಳದ ರೀಲು ಮತ್ತು ಘರ್ಷಣೆಯ ಪಾಠ

ಗಾಳ ಹಾಕುವುದೆಂದರೆ ಓದು ತಲೆಗೆ ಹತ್ತದ ಹುಡುಗರ ಕಾಲಹರಣ ಎಂದು ಭಾವಿಸುವ ಪಾಲಕರು ನಮ್ಮಲ್ಲಿ ಅನೇಕರಿದ್ದಾರೆ. ಕುಂದಾಪುರದ ಕಡೆಯ ಶಾಲೆಯಲ್ಲಿ ಬಹಳ ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿರುವ ನನಗೆ ಹಾಗೆನ್ನಿಸುವುದಿಲ್ಲ. ಗಾಳದ ರಾಡಿಗೆ ಸಿಕ್ಕಿಸುವ ಆ ಪುಟ್ಟ ರೀಲಿನೊಳಗೆ ನಮ್ಮ ಪಠ್ಯದ ಎರಡು ಮೂರು ಪಾಠಗಳಾದರೂ ಅಡಗಿ ಕುಳಿತಿವೆ.

'ಸ್ಪಿನ್ನಿಂಗ್ ರೀಲು' ಎಂದು ಅಂಗಡಿಯವರು ಕರೆಯುವ ಈ ಸಾಧನದ ಹುಟ್ಟೇ ಸ್ವಾರಸ್ಯಕರ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಅಲ್ಲಿಯ ಗಿರಣಿ ಮನೆತನದ ಇಲಿಂಗ್‌ವರ್ತ್ ಎಂಬವರು 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದರು. ಗಿರಣಿಯ ನೂಲಿನ ಕಂಡಿಕೆ ತಾನು ಅಲುಗದೆ ತುದಿಯಿಂದ ನೂಲನ್ನು ಬಿಟ್ಟುಕೊಡುತ್ತದಲ್ಲ, ಅದೇ ತತ್ವ. ಗಾಳ ಎಸೆದಾಗ ಸ್ಪೂಲು ತಿರುಗುವುದಿಲ್ಲ. ದಾರ ಮಾತ್ರ ಅದರ ಅಂಚಿನಿಂದ ಜಾರಿ ಹೋಗುತ್ತದೆ. ಆದ್ದರಿಂದ ತಿರುಗುವ ಸ್ಪೂಲು ದಾರಕ್ಕಿಂತ ಮುಂದೋಡಿ ಗೋಜಲಾಗುವ ತೊಂದರೆ ಇಲ್ಲಿಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ನನ್ನ ವಿದ್ಯಾರ್ಥಿಯೊಬ್ಬ ತಂದೆಯೊಡನೆ ಮನೆಗೆ ಬಂದ. ತಂದೆ ಯಾಂತ್ರೀಕೃತ ದೋಣಿಯಲ್ಲಿ ದುಡಿಯುವವರು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಅಂಥ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಹೊಳೆಬಾಯಿಯಲ್ಲಿ ಗಾಳಕ್ಕೆ ಸಿಕ್ಕುವ ಕೆಂಬೇರಿಯೋ ಮತ್ತೊಂದೋ ಅವರ ಮನೆಗೆ ಸಾರೂ ಹೌದು, ನಾಲ್ಕು ಕಾಸೂ ಹೌದು. ಹಾಗಾಗಿ ರೀಲು ಅವರಿಗೆ ಆಟಿಕೆಯಲ್ಲ. ಪರಿಚಯದ ಅಂಗಡಿಯವರು ಎರಡು ರೀಲುಗಳನ್ನು ಒಂದು ಸಂಜೆಯ ಮಟ್ಟಿಗೆ ಕೊಟ್ಟು ಕಳಿಸಿದ್ದರು. ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದೇ ಪ್ರಶ್ನೆ.

"ಇದೇ ಆಗ್ಬೇಕು ಸಾರ್, ಇದು 6.2, ಅದು ಬರೀ 5" ಎಂದು ಹುಡುಗ ಹೊಳೆಯುವ ಚಿಕ್ಕ ರೀಲನ್ನು ಮುಂದೆ ಹಿಡಿದ. ಅಪ್ಪನಿಗೇನು ಗೊತ್ತು ಎಂಬ ಧ್ವನಿಯೂ ಆ ಮಾತಿನಲ್ಲಿತ್ತು. ತಂದೆ ಸುಮ್ಮನೆ ಕುಳಿತಿದ್ದರು. ಅವರದು ಮರದ ತುಂಡಿಗೆ ನೈಲಾನ್ ದಾರ ಸುತ್ತಿದ ಕೈಗಾಳ. ತೋರುಬೆರಳಿನಲ್ಲಿ ದಾರ ಕೊರೆದ ಹಳೆಯ ಗೆರೆಗಳಿದ್ದವು.

6.2 ಎಂದರೆ ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ದಾರ ಸುತ್ತುವ ಭಾಗ 6.2 ಸುತ್ತು ತಿರುಗುತ್ತದೆ ಎಂದಷ್ಟೇ ಅರ್ಥ. ಎಷ್ಟು ದಾರ ಒಳಗೆ ಬರುತ್ತದೆ ಎಂಬುದು ಸ್ಪೂಲಿನ ಸುತ್ತಳತೆಯನ್ನೂ ಅವಲಂಬಿಸಿದೆ. ಹುಡುಗನ ಕೈಗೆ ಸ್ಕೇಲು ಕೊಟ್ಟೆ. ಚಿಕ್ಕದರ ವ್ಯಾಸ 40 ಮಿ.ಮೀ., ದೊಡ್ಡದರದು 50 ಮಿ.ಮೀ. ಪೈಯಿಂದ ಗುಣಿಸಿ, ಗಿಯರಿನ ಅಂಕಿಯಿಂದ ಮತ್ತೆ ಗುಣಿಸಿದಾಗ ಎರಡಕ್ಕೂ ಬಂದ ಉತ್ತರ ಸುಮಾರು 78 ಸೆಂ.ಮೀ. ಯಾವ ಅಂಕಿಗಾಗಿ ಅವನು ಹಟ ಹಿಡಿದಿದ್ದನೋ ಆ ಅಂಕಿಯಿಂದ ಲಾಭವೇನೂ ಇರಲಿಲ್ಲ.

ಮುಂದಿನದು ಡ್ರ್ಯಾಗ್. ಮೀನು ಬಲವಾಗಿ ಎಳೆದಾಗ ದಾರ ಹರಿಯದಂತೆ ಸ್ಪೂಲು ಜಾರಿ ದಾರ ಬಿಟ್ಟುಕೊಡುವ ವ್ಯವಸ್ಥೆ ಇದು. ಒಳಗಿರುವುದು ಒಂದರ ಮೇಲೊಂದು ಒತ್ತಿಕೊಂಡ ಬಿಲ್ಲೆಗಳು ಮಾತ್ರ. ದಾರ ತಡೆಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ಅದು ಜಾರುವಂತೆ ಬಿಗಿ ಮಾಡಿಕೊಳ್ಳುವುದು ವಾಡಿಕೆ. ನಾಲ್ಕು ಕಿಲೋ ತಡೆಯುವ ದಾರಕ್ಕೆ ಸುಮಾರು 1ರಿಂದ 1.3 ಕಿಲೋ.

ಸ್ಪ್ರಿಂಗ್ ತ್ರಾಸು ತರಲು ನಾನು ಒಳಗೆ ಹೋದೆ. ಬರುವಷ್ಟರಲ್ಲಿ ತಂದೆ ಎರಡೂ ರೀಲುಗಳ ದಾರವನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಎಳೆದು ನೋಡಿದ್ದರು. "ಮಾಷ್ಟ್ರೇ, ಕಾಣಿ. ಇದ್ ಹಿಡ್ಕಂಡ್ ಬಿಡತ್ತ್. ಅದ್ ಬಿಡ್ತಾ ಬಿಡ್ತಾ ಹಿಡೀತ್ತ್" ಎಂದರು.

ತ್ರಾಸು ಹೇಳಿದ್ದೂ ಅದನ್ನೇ. ಚಿಕ್ಕ ರೀಲಿನಲ್ಲಿ ಮುಳ್ಳು 2 ಕಿಲೋವರೆಗೆ ಏರಿ, ಸ್ಪೂಲು ತಟ್ಟನೆ ಜಾರಿದಾಗ 1.2ಕ್ಕೆ ಇಳಿಯಿತು. ದೊಡ್ಡದರಲ್ಲಿ ಮೊದಲಿನಿಂದಲೂ 1.2ರ ಆಸುಪಾಸಿನಲ್ಲೇ ನಿಂತಿತು. ನಿಂತ ವಸ್ತುವನ್ನು ಹೊರಡಿಸಲು ಬೇಕಾದ ಬಲ ಹೆಚ್ಚು, ಜಾರುತ್ತಿರುವಾಗ ಬೇಕಾದದ್ದು ಕಡಿಮೆ ಎಂದು ಘರ್ಷಣೆಯ ಪಾಠದಲ್ಲಿ ಓದುತ್ತೇವಲ್ಲ, ಅದೇ. ಒಳ್ಳೆಯ ಡ್ರ್ಯಾಗ್‌ನಲ್ಲಿ ಈ ಅಂತರ ಅತಿ ಕಡಿಮೆ ಇರಬೇಕು. ಗಂಟು ಸಡಿಲಾದಲ್ಲಿ, ಬಂಡೆಯ ಚಿಪ್ಪಿಗೆ ಉಜ್ಜಿದಲ್ಲಿ ದಾರ ಹರಿಯುವುದು ಇಂಥ ಜಗ್ಗಿನಲ್ಲೇ. ಇನ್ನೊಂದು ಮಾತು: ಮೀನು ದಾರ ಎಳೆದುಕೊಂಡು ಹೋದಂತೆ ಸ್ಪೂಲಿನ ಸುತ್ತು ಚಿಕ್ಕದಾಗುತ್ತದೆ. ತ್ರಿಜ್ಯ ಅರ್ಧಕ್ಕಿಳಿದರೆ ಸ್ಪೂಲನ್ನು ಜಾರಿಸಲು ಬೇಕಾದ ಎಳೆತ ಇಮ್ಮಡಿಯಾಗುತ್ತದೆ. ಅಗಲವಾದ ಸ್ಪೂಲಿನಲ್ಲಿ ಅಷ್ಟೇ ದಾರ ಹೋದರೂ ಈ ವ್ಯತ್ಯಾಸ ಕಡಿಮೆ.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಂದೆಯ ಬೆರಳನ್ನು ಹಿಡಿದು ಆ ಗೆರೆಗಳನ್ನೇ ನೋಡುತ್ತ, "ಅಪ್ಪಯ್ಯ, ಎಷ್ಟ್ ಬಿಗಿ ಅಂತ ನಿಮ್ಗೆ ಹ್ಯಾಂಗ್ ಗೊತ್ತಾತ್ತ್?" ಎಂದು ಕೇಳಿದ. ದೊಡ್ಡ ರೀಲು ಉಳಿಯಿತು. ಚಿಕ್ಕದಕ್ಕಿಂತ ಅದರ ಬೆಲೆಯೂ ಕಡಿಮೆ. ಕೈಗೆ ಭಾರವೆಂಬುದೊಂದೇ ಕೊರತೆ.

ಕೊಳ್ಳುವವರಿಗೆ ಎರಡು ಕಿವಿಮಾತು. ಪೆಟ್ಟಿಗೆಯ ಮೇಲೆ ಬೇರಿಂಗುಗಳ ಸಂಖ್ಯೆ ದೊಡ್ಡದಾಗಿ ಅಚ್ಚಾಗಿದ್ದ ಮಾತ್ರಕ್ಕೆ ಮರುಳಾಗಬೇಡಿ. ದಾರ ಎಳೆದು ನೋಡಿ. ಮೀನು ದಾರ ಎಳೆಯುತ್ತಿರುವಾಗ ಹಿಡಿಯನ್ನು ತಿರುಗಿಸಬೇಡಿ. ಆಗ ದಾರ ಒಳಗೆ ಬರುವುದಿಲ್ಲ, ಸುಮ್ಮನೆ ಮುರಿಗೊಳ್ಳುತ್ತದೆ. ಉಪ್ಪುನೀರಿನಿಂದ ಬಂದೊಡನೆ ರೀಲನ್ನು ಸಿಹಿನೀರಿನಿಂದ ಹಗುರಾಗಿ ತೊಳೆದು, ಒರೆಸಿ, ಡ್ರ್ಯಾಗ್ ಸಡಿಲಿಸಿಡಿ. ಪಾಲಕರಿಗೊಂದು ಮಾತು: ಇಂಥದನ್ನು ಕೊಳ್ಳುವಾಗ ಮಗನೊಬ್ಬನನ್ನೇ ಅಂಗಡಿಗೆ ಕಳಿಸಬೇಡಿ, ನೀವೊಬ್ಬರೇ ಹೋಗಲೂ ಬೇಡಿ. ಅಂಕಿ ಓದುವವನೂ ದಾರ ಎಳೆದು ನೋಡುವವರೂ ಜೊತೆಗಿರುವುದು ಒಳ್ಳೆಯದು.