ಶರತ್ಕಾಲದ ನೆಂಟರು

ಮಗಳ ಮನೆಗೆ ಹೋದ ತಾಯಿಯು ಮೂರು ದಿನ ನೆಂಟಳು, ನಾಲ್ಕನೆಯ ದಿನ ಅಡಿಗೆಯವಳು ಎಂದು ನಮ್ಮ ಮನೆಯಲ್ಲಿ ಹಾಸ್ಯ ಮಾಡುತ್ತಿದ್ದೆವು. ಅಮೆರಿಕೆಯ ಇಲಿನಾಯ್ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋದಾಗ ನಾನು ನಾಲ್ಕನೆಯ ದಿನ ಹುಳುಗಳಿಗೆ ಮೇವು ತರುವವಳಾದೆನು. ಅಲ್ಲಿ ಕಳೆದ ಶರತ್ಕಾಲದ ಸುಖಗಳನ್ನು ಬರೆಯೆಂದು ಗೆಳತಿಯರು ಕೇಳಿದ್ದಾರೆ. ಸುಖದ ಜೊತೆಗೆ ಬಂದ ಇನ್ನೊಂದು ಸಂಗತಿಯನ್ನು ಬಿಟ್ಟು ಬರೆಯಲು ನನಗೆ ಬಾರದು.

ನಮ್ಮ ಯಜಮಾನರು ತೀರಿಕೊಂಡದ್ದು ಹೋದ ವರ್ಷದ ಜ್ಯೇಷ್ಠಮಾಸದಲ್ಲಿ. ವರ್ಷಾಬ್ದಿಕವು ಮುಗಿದ ಮೇಲೆ ಮಗಳು, "ಅಮ್ಮಾ, ಈ ಮೈಸೂರಿನ ಮನೆಯಲ್ಲಿ ಒಬ್ಬಳೇ ಕುಳಿತು ಏನು ಮಾಡುತ್ತೀಯೆ? ಚಳಿ ಬಲಿಯುವವರೆಗಾದರೂ ನಮ್ಮೊಡನೆ ಇರು" ಎಂದು ಒತ್ತಾಯಮಾಡಿ ಕರೆಯಿಸಿಕೊಂಡಳು. ಆಗಸ್ಟ್ ತಿಂಗಳಲ್ಲಿ ಹೋಗಿ ಸೇರಿದೆನು. ಮೊಮ್ಮಗಳಿಗೆ ಎಂಟು ವರ್ಷ. ಕನ್ನಡ ಚೆನ್ನಾಗಿ ತಿಳಿಯುತ್ತದೆ. ಮಾತನಾಡುವಾಗ ಮಾತ್ರ ದೇವಸ್ಥಾನದ ಅರ್ಚಕರನ್ನು ಸಹ "ನೀನು" ಎಂದೇ ಕರೆಯುತ್ತಾಳೆ.

ಮನೆಯ ಹಿತ್ತಲಿನಲ್ಲಿ, ಬೇಲಿಯ ಮಗ್ಗುಲಿಗೆ, ಎದೆಯುದ್ದ ಬೆಳೆದ ಅಗಲವಾದ ಎಲೆಯ ಗಿಡಗಳಿದ್ದವು. ಮೊಮ್ಮಗಳು ಒಂದು ಎಲೆಯನ್ನು ಮುರಿಯಲು ಬಿಳಿಯ ಹಾಲು ತೊಟ್ಟಿಕ್ಕಿತು. ನಾನು ಥಟ್ಟನೆ, "ಎಕ್ಕ! ಕಣ್ಣಿಗೆ ಮುಟ್ಟಿಸಬೇಡ" ಎಂದು ಕೂಗಿಕೊಂಡೆನು. ಅದು ಎಕ್ಕವಲ್ಲ. ಆದರೂ ನನ್ನ ಊಹೆ ಪೂರ್ತಿ ಸುಳ್ಳಾಗಿರಲಿಲ್ಲ. ಅಲ್ಲಿ ಮಿಲ್ಕ್‌ವೀಡ್ ಎಂದು ಕರೆಯುವ ಆ ಗಿಡವೂ, ನಾವು ರಥಸಪ್ತಮಿಯ ದಿನ ತಲೆಯ ಮೇಲೂ ಭುಜಗಳ ಮೇಲೂ ಇಟ್ಟುಕೊಂಡು ಸ್ನಾನಮಾಡುವ ಎಲೆಯ ಎಕ್ಕವೂ ಒಂದೇ ಕುಲಕ್ಕೆ ಸೇರಿದವು. ಮೊನಾರ್ಕ್ ಎಂಬ ಕಿತ್ತಳೆಬಣ್ಣದ ದೊಡ್ಡ ಚಿಟ್ಟೆಯು ಮೊಟ್ಟೆಯಿಡುವುದು ಈ ಹಾಲಿನ ಗಿಡಗಳ ಮೇಲೆ; ಅದರ ಹುಳುವು ಬೇರೊಂದು ಎಲೆಯನ್ನು ತಿಂದು ಬದುಕಲಾರದು. ಆ ಹಾಲಿನ ವಿಷವು ಹುಳುವಿನ ಮೈಯಲ್ಲಿ ಸೇರಿ ಮುಂದೆ ಚಿಟ್ಟೆಯಲ್ಲಿಯೂ ಉಳಿಯುವುದು. ಒಮ್ಮೆ ತಿಂದು ಕಾರಿಕೊಂಡ ಹಕ್ಕಿಯು ಆ ಬಣ್ಣವನ್ನು ಕಂಡರೆ ಮತ್ತೆ ಹತ್ತಿರಕ್ಕೆ ಬಾರದು. ಇಲಿನಾಯ್ ಸಂಸ್ಥಾನದವರು ೧೯೭೫ರಲ್ಲಿ ಇದನ್ನೇ ತಮ್ಮ ಸಂಸ್ಥಾನದ ಕೀಟವೆಂದು ಗೊತ್ತುಮಾಡಿಕೊಂಡರು. ಹಾಗೆ ಮಾಡಬೇಕೆಂದು ಮೊದಲು ಸೂಚಿಸಿದ್ದು ಶಾಲೆಯ ಮಕ್ಕಳಂತೆ.

ಗಸಗಸೆಯ ಕಾಳಿನಷ್ಟು ಇರುವ ನಾಲ್ಕು ಮೊಟ್ಟೆಗಳನ್ನು ಎಲೆಯ ಸಮೇತ ತಂದು, ಬಲೆಯ ಗೂಡಿನಲ್ಲಿಟ್ಟು, ಹಿಂದಿನ ಜಗುಲಿಯಲ್ಲಿರಿಸಿದೆವು. ಗೋಡೆಗಳ ನಡುವೆ ಸಾಕಿದ ಚಿಟ್ಟೆಗಳು ದಕ್ಷಿಣ ದಿಕ್ಕನ್ನು ಹಿಡಿಯುವುದರಲ್ಲಿ ತಪ್ಪುತ್ತವೆಂದು ೨೦೧೯ರಲ್ಲಿ ಶಿಕಾಗೊ ವಿಶ್ವವಿದ್ಯಾನಿಲಯದ ಪಂಡಿತರು ಪರೀಕ್ಷಿಸಿ ತಿಳಿಸಿದ್ದಾರೆ. ಆದುದರಿಂದ ಬಿಸಿಲು ಗಾಳಿಗಳು ತಗಲುವಂತೆ ಹೊರಗೇ ಇಡಬೇಕೆಂದು ಮಗಳ ಅಪ್ಪಣೆ. ನಾಲ್ಕು ದಿನಕ್ಕೆ ಮೊಟ್ಟೆಯೊಡೆದು ಹುಳುಗಳು ಹೊರಬಿದ್ದವು. ಮೊದಲು ತಮ್ಮ ಮೊಟ್ಟೆಯ ಚಿಪ್ಪನ್ನೇ ತಿಂದವು. ಆಮೇಲೆ ಹಗಲೆನ್ನದೆ ಇರುಳೆನ್ನದೆ ಎಲೆ! ಎರಡು ವಾರಗಳಲ್ಲಿ ತೂಕವು ಎರಡು ಸಾವಿರ ಪಟ್ಟು ಹೆಚ್ಚುವುದಂತೆ. ಕಪ್ಪು, ಬಿಳುಪು, ಹಳದಿಯ ಪಟ್ಟೆಗಳು. ಮುಂದೊಂದು ಹಿಂದೊಂದು ಜೊತೆ ಕಪ್ಪು ಕೊಂಬುಗಳು. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಹಿತ್ತಲಿಗೆ ಹೋಗಿ ಎಳೆಯ ಎಲೆಗಳನ್ನು ಕೊಯ್ದು ತರುವುದು ನನ್ನ ಪಾಲಿಗೆ ಬಂದಿತು. ಮೈಸೂರಿನಲ್ಲಿ ಅದೇ ಹೊತ್ತಿಗೆ ಯಜಮಾನರ ಪೂಜೆಗೆ ಹೂ ಕೊಯ್ಯುತ್ತಿದ್ದೆನು. ಒಂದು ವರ್ಷದಿಂದ ಬೆಳಗಿನ ಹೊತ್ತು ಕೈಗೆ ಕೆಲಸವಿಲ್ಲದೆ ಕುಳಿತಿದ್ದವಳಿಗೆ ಆ ಎಲೆಗಳು ಎಷ್ಟು ಹಿತವಾಗಿದ್ದವೆಂಬುದನ್ನು ಹೇಳಲಾರೆನು.

ಒಂದು ಹುಳುವು ಸೊರಗಿ ಸತ್ತಿತು. ಒಂದು ಜಾತಿಯ ನೊಣವು ಅದರ ಮೈಯಲ್ಲಿ ಮೊಟ್ಟೆಯಿಟ್ಟಿದ್ದಿತು. ಎಲೆಯ ಜೊತೆಯಲ್ಲಿ ನಾವು ಕಾಣದೆ ತಂದ ಆಪತ್ತು. ಉಳಿದ ಮೂರು ಗೂಡಿನ ಚಾವಣಿಗೆ ತಲೆಕೆಳಗಾಗಿ ಜೋತುಬಿದ್ದು, ಪೊರೆ ಕಳಚಿ, ಕೋಶಗಳಾದವು. ಎಳೆಯ ದ್ರಾಕ್ಷಿಯ ಹಸಿರು. ಅದರ ಮೇಲೆ ಬಂಗಾರದ ಚುಕ್ಕೆಗಳು. ಯಾವ ಅಕ್ಕಸಾಲಿಗನ ಕೈಯಲ್ಲಿಯೂ ಅಂಥ ಕೆಲಸವನ್ನು ನಾನು ಕಂಡಿಲ್ಲ.

ಕೋಶವು ಒಡೆಯುವವರೆಗೆ ಕಾಯುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಅಷ್ಟರಲ್ಲಿ ಅಂಗಡಿಗಳಲ್ಲಿ ಶರತ್ಕಾಲದ ಮಿಠಾಯಿಯು ತುಂಬಿಕೊಂಡಿತು. ಮುಖ್ಯವಾದದ್ದು ಕ್ಯಾಂಡಿ ಕಾರ್ನ್. ಜೋಳದ ಕಾಳಿನ ಆಕಾರ, ತುದಿಯಲ್ಲಿ ಬಿಳುಪು, ನಡುವೆ ಕಿತ್ತಳೆ, ಬುಡದಲ್ಲಿ ಹಳದಿ. ೧೮೮೦ರ ದಶಕದಲ್ಲಿ ಫಿಲಡೆಲ್ಫಿಯದ ಜಾರ್ಜ್ ರೆನಿಂಗರ್ ಎಂಬ ಕೆಲಸಗಾರನು ಇದನ್ನು ಮೊದಲು ಮಾಡಿದನೆಂದು ಹೇಳುತ್ತಾರೆ. ತಟ್ಟೆಯಲ್ಲಿ ಹರಡಿದ ಮೆಕ್ಕೆಜೋಳದ ಹಿಟ್ಟಿನಲ್ಲಿ ಕಾಳಿನಂಥ ಗುಳಿಗಳನ್ನು ಒತ್ತಿ, ಸಕ್ಕರೆಯ ಪಾಕವನ್ನು ಮೂರು ಬಣ್ಣಗಳಲ್ಲಿ ಮೂರು ಸಲ ಹೊಯ್ಯುವುದು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ದಾಯಾದಿ ಎನ್ನಬಹುದು. ಹಿಂದೆ ಅದನ್ನು "ಕೋಳಿಯ ಮೇವು" ಎಂಬ ಹೆಸರಿನಿಂದಲೂ ಮಾರುತ್ತಿದ್ದರಂತೆ. ನಾನು ಒಂದನ್ನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮಗಳು ಪೊಟ್ಟಣದ ಮೇಲಿನ ಬರೆಹವನ್ನು ಓದಿ ಕೈ ಹಿಡಿದಳು. ಪ್ರಾಣಿಗಳ ತೊಗಲು ಮೂಳೆಗಳಿಂದ ತೆಗೆದ ಜೆಲಟಿನ್ ಎಂಬ ಅಂಟು ಅದರಲ್ಲಿದ್ದಿತು. ಮೊಮ್ಮಗಳ ಮುಖವು ಸಣ್ಣದಾಯಿತು. ಮರುದಿನ ನಾನು ಕೊಬ್ಬರಿ ಮಿಠಾಯಿಯನ್ನು ಮೂರು ಪದರವಾಗಿ ಹೊಯ್ದು, ಒಂದಕ್ಕೆ ಕೇಸರಿ, ಒಂದಕ್ಕೆ ಅರಿಸಿನ ಬೆರಸಿ, ಮೂಲೆಮೂಲೆಯಾಗಿ ಕತ್ತರಿಸಿ ಕೊಟ್ಟೆನು. ಅರಿಸಿನವು ಕೊಂಚ ಹೆಚ್ಚಾಗಿದ್ದಿತು. "ಅತ್ತೆ, ಬಹಳ ಚೆನ್ನಾಗಿದೆ" ಎಂದು ಅಳಿಯಂದಿರು ಎರಡು ತಿಂದರು. ಮೊಮ್ಮಗಳು ಒಂದನ್ನು ತಿಂದು ನೀರು ಕುಡಿದಳು.

ಪಿತೃಪಕ್ಷ ನಡೆಯುತ್ತಿದ್ದಾಗ ಮೊದಲನೆಯ ಚಿಟ್ಟೆಯು ಹೊರಬಂದಿತು. ಹಸಿರು ಕೋಶವು ಗಾಜಿನಂತಾಗಿ ಒಳಗಿನ ಕಿತ್ತಳೆಯು ಕಾಣುತ್ತಿದ್ದಿತು. ಮುದುಡಿದ ಒದ್ದೆ ರೆಕ್ಕೆಗಳನ್ನು ಬಿಚ್ಚಿ ಒಣಗಿಸಿಕೊಳ್ಳಲು ಕೆಲವು ಗಂಟೆಗಳು ಹಿಡಿದವು. ಹಿಂದಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆಯಿದ್ದುದರಿಂದ ಅದು ಗಂಡು. ಮೊಮ್ಮಗಳ ಬೆರಳಿನಿಂದ ಎದ್ದು, ನೆರೆಮನೆಯ ಸೂರನ್ನು ದಾಟಿ, ಹೋಯಿತು. ಎರಡನೆಯದು ಮರುದಿನ ಹೋಯಿತು.

ಬೇಸಿಗೆಯಲ್ಲಿ ಹುಟ್ಟುವ ಚಿಟ್ಟೆಗಳು ಕೆಲವೇ ವಾರಗಳು ಬದುಕುತ್ತವೆ. ಶರತ್ಕಾಲದಲ್ಲಿ ಹುಟ್ಟಿದವು ಮಾತ್ರ ಸುಮಾರು ಎಂಟು ತಿಂಗಳು ಬದುಕಿ, ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ, ಮೆಕ್ಸಿಕೋ ದೇಶದ ಮಿಚೊಅಕಾನ್ ಪ್ರಾಂತದ ಎತ್ತರದ ಬೆಟ್ಟಗಳಲ್ಲಿ ಓಯಮೆಲ್ ಎಂಬ ಮರಗಳ ಮೇಲೆ ಗೊಂಚಲು ಗೊಂಚಲಾಗಿ ಚಳಿಗಾಲವನ್ನು ಕಳೆಯುತ್ತವೆ. ಹಾಗೆ ಹೋಗುವ ಒಂದು ಚಿಟ್ಟೆಯೂ ಆ ಸ್ಥಳವನ್ನು ಹಿಂದೆ ಕಂಡಿರುವುದಿಲ್ಲ. ಅವು ಎಲ್ಲಿಗೆ ಹೋಗುತ್ತವೆಂದು ಕೆನಡದ ಫ್ರೆಡ್ ಅರ್ಕ್ವರ್ಟ್ ಎಂಬ ವಿದ್ವಾಂಸನು ರೆಕ್ಕೆಗಳಿಗೆ ಚೀಟಿ ಅಂಟಿಸಿ ಹಲವು ದಶಕ ಹುಡುಕಿದನು. ೧೯೭೫ರ ಜನವರಿಯಲ್ಲಿ ಅವನ ಸಹಾಯಕರಾದ ಕೆನ್ ಬ್ರಗರ್, ಕತಲಿನಾ ಅಗ್ವಾದೊ ಎಂಬವರು ಆ ಸ್ಥಳವನ್ನು ಕಂಡರು. ಬೆಟ್ಟದ ಹಳ್ಳಿಗರಿಗೆ ಅದು ಮೊದಲಿನಿಂದಲೂ ತಿಳಿದದ್ದೇ. ಅವರನ್ನು ಯಾರೂ ಕೇಳಿರಲಿಲ್ಲವಷ್ಟೆ. ನವೆಂಬರ್ ಮೊದಲಿನಲ್ಲಿ, ಅವರು ಸತ್ತವರನ್ನು ನೆನೆಯುವ ಹಬ್ಬದ ಹೊತ್ತಿಗೆ ಸರಿಯಾಗಿ, ಚಿಟ್ಟೆಗಳು ಬಂದಿಳಿಯುತ್ತವೆ. ತಮ್ಮ ಹಿರಿಯರೇ ಬಂದರೆಂದು ಅವರು ಭಾವಿಸುವರಂತೆ. ಮೊಮ್ಮಗಳು ಇದನ್ನು ಓದಿ ಹೇಳಿದಾಗ ಮಗಳೂ ನಾನೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಮೂರನೆಯದು ಹೊರಬಂದಾಗ ಅದರ ರೆಕ್ಕೆಗಳು ಹಿಂಡಿದ ಬಟ್ಟೆಯಂತಿದ್ದು ಹಾಗೆಯೇ ಉಳಿದವು. ಮಗಳು ಪಾರದರ್ಶಕವಾದ ಅಂಟುಪಟ್ಟಿಯನ್ನು ಅದರ ಹೊಟ್ಟೆಗೆ ಒತ್ತಿ, ಮಗುವಿನ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಕಪ್ಪು ಕಣಗಳು ಕಂಡವು. ಬರಿಗಣ್ಣಿಗೆ ಕಾಣದ ಒಂದು ಪರೋಪಜೀವಿಯ ಬೀಜಗಳು. ಅವು ಎಲೆಯ ಮೇಲೆ ಉದುರಿದರೆ, ಆ ಎಲೆಯನ್ನು ತಿಂದ ಹುಳುಗಳಿಗೆಲ್ಲ ರೋಗ.

"ಇದನ್ನು ಬಿಡಕೂಡದು. ಲಕೋಟೆಯಲ್ಲಿಟ್ಟು ಫ್ರೀಜರಿನಲ್ಲಿಡಬೇಕು, ಅಮ್ಮ. ಹಾಗೆಯೇ ಮಾಡಬೇಕೆಂದು ತಿಳಿದವರು ಬರೆದಿದ್ದಾರೆ" ಎಂದಳು.

"ಬಿಡುವುದು ಬೇಡ. ಜೀವವಿರುವವರೆಗೆ ಇರಲಿ, ನಾನು ನೋಡಿಕೊಳ್ಳುತ್ತೇನೆ" ಎಂದೆನು.

"ಅಪ್ಪನ ವಿಷಯದಲ್ಲಿ ನೀನು ಹಾಗೆ ಹೇಳಲಿಲ್ಲವಲ್ಲ" ಎಂದುಬಿಟ್ಟಳು.

ಯಜಮಾನರ ಉಸಿರು ಕಟ್ಟತೊಡಗಿದಾಗ ಯಂತ್ರವನ್ನು ಹಾಕಬಹುದು, ಆದರೆ ಗುಣವಾಗುವ ಆಸೆಯಿಲ್ಲವೆಂದು ವೈದ್ಯರು ಹೇಳಿದ್ದರು. ಬೇಡವೆಂದು ಹೇಳಿ ನಾನು ಅವರನ್ನು ಮನೆಗೆ ಕರೆತಂದೆನು. ಅದು ಅವರ ಮಾತು. ಆರು ತಿಂಗಳು ಮುಂಚೆಯೇ ನನ್ನಿಂದ ಭಾಷೆ ತೆಗೆದುಕೊಂಡಿದ್ದರು. ಒಂದು ರಾತ್ರಿ, ಒಂದು ಹಗಲು ಇದ್ದರು. ಮಗಳು ಬಂದಿಳಿದುದು ಅದರ ಮರುದಿನ. "ವೈದ್ಯರು ಆದಷ್ಟು ಮಾಡಿದರು" ಎಂದಷ್ಟೇ ನಾನು ಅವಳಿಗೆ ಹೇಳಿದ್ದೆನು. ಉಳಿದುದು ಬೇರೆ ಯಾರಿಂದಲೋ ಅವಳ ಕಿವಿಗೆ ಬಿದ್ದಿದ್ದಿತು. ಒಂದು ವರ್ಷಕ್ಕೂ ಮೇಲೆ ಅದನ್ನು ಒಳಗಿಟ್ಟುಕೊಂಡು ನನಗೆ ದಿನವೂ ದೂರವಾಣಿಯಲ್ಲಿ ಕ್ಷೇಮ ವಿಚಾರಿಸುತ್ತಿದ್ದಳು.

ಮಗು ಮಲಗಿದ ಮೇಲೆ ಜಗುಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆನು. ಆಸ್ಪತ್ರೆಯಿಂದ ಮೊದಲೇ ಅವಳಿಗೆ ತಿಳಿಸದಿದ್ದುದು ನನ್ನ ತಪ್ಪು. ತಿಳಿಸಿದ್ದರೆ ಅವಳು ಯಂತ್ರ ಹಾಕಿಸೆನ್ನುವಳು, ನಾನು ಇಲ್ಲವೆನ್ನಲಾರೆನು ಎಂಬ ಭಯವಿದ್ದಿತು. ಅದನ್ನೂ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತನ್ನು ಕೇಳಿದಳು: "ಅಪ್ಪ ನನ್ನನ್ನು ಕೇಳಿದರೆ?"

"ಕೇಳಿದರು. ವಿಮಾನ ಎಷ್ಟು ಹೊತ್ತಿಗೆ ಎಂದು ಎರಡು ಸಲ ಕೇಳಿದರು" ಎಂದೆನು. ಅದು ನಿಜ.

ಚಿಟ್ಟೆಯನ್ನು ಮಗಳು ಫ್ರೀಜರಿನಲ್ಲಿಡಲಿಲ್ಲ. ಬೇರೊಂದು ಪೆಟ್ಟಿಗೆಯಲ್ಲಿಟ್ಟು ಅಡಿಗೆಮನೆಯ ಕಿಟಕಿಯಲ್ಲಿರಿಸಿದಳು. ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ, ಕಲ್ಲಂಗಡಿಯ ಒಂದು ಹೋಳು. ಸುರುಳಿಯಾದ ನಾಲಗೆಯನ್ನು ಬಿಚ್ಚಿ ಹೀರುತ್ತಿದ್ದಿತು. ಆರು ದಿನ ಇದ್ದಿತು. ಹಾಲಿನ ಗಿಡದ ಬುಡದಲ್ಲಿ ಹೂಳಬೇಕೆಂದು ಮೊಮ್ಮಗಳು ಹಠಹಿಡಿದಳು. ಅದಕ್ಕೆ ಮಾತ್ರ ಮಗಳು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ.

ಅಕ್ಟೋಬರಿನಲ್ಲಿ ಮರಗಳು ಉರಿಯತೊಡಗಿದವು. ಎಲೆಯ ಹಸಿರು ಕರಗಿದಾಗ ಮೊದಲಿನಿಂದಲೂ ಒಳಗಿದ್ದ ಹಳದಿಯು ಹೊರಗೆ ಕಾಣುವುದಂತೆ. ಕೆಂಪು ಮಾತ್ರ ಆಗಲೇ ಹೊಸದಾಗಿ ಹುಟ್ಟತಕ್ಕದ್ದು. ಆ ಸಂಸ್ಥಾನದಲ್ಲಿ ಬೆಳೆಯುವಷ್ಟು ಕುಂಬಳಕಾಯಿಯನ್ನು ಅಮೆರಿಕೆಯ ಬೇರೆಲ್ಲಿಯೂ ಬೆಳೆಯುವುದಿಲ್ಲ. ಕಾಯಿಗೆ ಕಣ್ಣು ಮೂಗು ಕೊರೆದು ಬಾಗಿಲಲ್ಲಿ ದೀಪವಿಡುವುದು ಅಲ್ಲಿಯ ಪದ್ಧತಿ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವುದು ನಮ್ಮ ಮನೆಯಲ್ಲಿಲ್ಲ. ಆಫೀಸಿನ ಮಾತುಕತೆಯ ನಡುವೆ ಅಳಿಯಂದಿರನ್ನು ಎಬ್ಬಿಸಿ ಕತ್ತಿ ಕೊಟ್ಟೆವು. ತಿರುಳನ್ನು ಎಸೆಯಲು ನಾನು ಬಿಡಲಿಲ್ಲ. ಒಂದು ದಿನ ಹುಳಿ, ಒಂದು ದಿನ ಪಾಯಸ.

ನವೆಂಬರ್ ಕೊನೆಯಲ್ಲಿ ಮೈಸೂರಿಗೆ ಹಿಂದಿರುಗಿದೆನು. ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಎಕ್ಕದ ಗಿಡವಿದೆ. ಇಪ್ಪತ್ತು ವರ್ಷ ಅದರ ಮುಂದೆ ಓಡಾಡಿಯೂ ಎಲೆಯನ್ನು ಮಗುಚಿ ನೋಡಿದವಳಲ್ಲ. ಮೊನ್ನೆ ನೋಡಿದೆನು. ಅಂಥದೇ ಪಟ್ಟೆಯ ಹುಳು. ಕೊಂಬು ಮಾತ್ರ ಎರಡು ಜೊತೆಯಲ್ಲ, ಮೂರು ಜೊತೆ. ನಮ್ಮ ದೇಶದ ಈ ಚಿಟ್ಟೆಯು ಮೊನಾರ್ಕಿನ ಹತ್ತಿರದ ನೆಂಟನಂತೆ. ಸಂಜೆ ದೂರವಾಣಿಯಲ್ಲಿ ಸುದ್ದಿ ಹೇಳಿದೆನು.

"ಅಜ್ಜಿ, ಅದನ್ನು ಒಳಗೆ ತರಬೇಡ" ಎಂದಳು ಮೊಮ್ಮಗಳು. ಆಮೇಲೆ, "ದಿನಾ ಹೋಗಿ ನೋಡು. ಅಮ್ಮನೂ ಕೇಳುತ್ತಿದ್ದಾಳೆ" ಎಂದಳು.