ಫರಸಿ ಕಲ್ಲಿನ ಊರುಗಳಲ್ಲಿ

ನಿಮ್ಮ ಮನೆಯ ಬಚ್ಚಲ ನೆಲವೋ ಅಡುಗೆಮನೆಯ ಕಟ್ಟೆಯೋ ಬೂದುಬಣ್ಣದ ನುಣುಪು ಕಲ್ಲಿನದಾಗಿದ್ದರೆ, ಆ ಕಲ್ಲಿನ ತವರು ಬಹುಶಃ ಕಲಬುರಗಿ ಜಿಲ್ಲೆಯ ಶಹಾಬಾದ ಸೀಮೆಯೇ ಇದ್ದೀತು. ಅಂಗಡಿಯವರು ಶಾಬಾದಿ ಕಲ್ಲು ಎನ್ನುತ್ತಾರೆ. ಈ ಕಡೆಯ ಜನ ಬರೀ 'ಫರಸಿ' ಅಂದುಬಿಡುತ್ತಾರೆ. ಸೊಲ್ಲಾಪುರದ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಶಹಾಬಾದ ಸಮೀಪಿಸಿತೆಂದು ಯಾರೂ ಹೇಳಬೇಕಾಗಿಲ್ಲ. ಒಂದರ ಮೇಲೊಂದು ಒಟ್ಟಿದ ಹೋಳಿಗೆಗಳ ಹಾಗೆ ಕಲ್ಲಿನ ಹಾಸುಗಳು, ಅವುಗಳ ಪಕ್ಕದಲ್ಲಿ ಒಡೆದ ಚೂರುಗಳ ದೊಡ್ಡ ದೊಡ್ಡ ಗುಡ್ಡೆಗಳು ಕಣ್ಣಿಗೆ ಬೀಳುತ್ತವೆ. ಭೂಮಿಯೊಳಗೇ ಪದರು ಪದರಾಗಿ ಮಲಗಿರುವ ಸುಣ್ಣದ ಕಲ್ಲು ಇದು. ಉಳಿ ಹಾಕಿ ಮೀಟಿದರೆ ಪದರು ಎದ್ದು ಬರುತ್ತದೆ. ಸುಡುವ ಕೆಲಸವಿಲ್ಲ. ಕೊರೆದು, ಉಜ್ಜಿ, ಲಾರಿಗೆ ಏರಿಸಿದರೆ ಆಯಿತು. ಹಾಗೆಂದು ಎಲ್ಲವೂ ಚೆನ್ನ ಎನ್ನುವಂತಿಲ್ಲ. ಕಲ್ಲು ತೆಗೆದ ಗುಂಡಿಗಳು ಬಾಯಿ ತೆರೆದುಕೊಂಡೇ ಉಳಿಯುತ್ತವೆ, ಮಳೆಗಾಲದಲ್ಲಿ ನೀರು ತುಂಬುತ್ತವೆ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಅದೊಂದು ತೀರದ ಚಿಂತೆ.

ಅಲ್ಲಿಂದ ವಾಡಿ ದೂರವಿಲ್ಲ. ವಾಡಿ ಜಂಕ್ಷನ್ನಿನ ಹೆಸರು ಯಾರು ಕೇಳಿಲ್ಲ ಹೇಳಿ! ಸಿಕಂದರಾಬಾದಿನ ಕಡೆಗೆ ಹಳಿ ಕವಲೊಡೆಯುವುದು ಇಲ್ಲಿಯೇ. ನಿಜಾಮರ ಕಾಲದಲ್ಲಿ, 1874ರಲ್ಲಿ, ಹಾಕಿದ ಮಾರ್ಗವದು. ಊರಿನ ತುಂಬ ಸಿಮೆಂಟಿನದೇ ಮಾತು, ಸಿಮೆಂಟಿನದೇ ದುಡಿಮೆ. ವಿಚಿತ್ರ ನೋಡಿ, ಈ ಸಿಮೆಂಟಿಗೂ ಸುಣ್ಣದ ಕಲ್ಲೇ ಬೇಕು. ಆದರೆ ಇಲ್ಲಿ ಅದನ್ನು ಪುಡಿ ಮಾಡಿ, ಸುಮಾರು 1,450 ಡಿಗ್ರಿ ಕಾವಿನ ಭಟ್ಟಿಯಲ್ಲಿ ಸುಡುತ್ತಾರೆ. ಹಾಗೆ ಸುಟ್ಟಾಗ ಕಲ್ಲಿನೊಳಗೆ ಅಡಗಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ನೂರು ಕಿಲೋ ಶುದ್ಧ ಸುಣ್ಣದ ಕಲ್ಲಿನಿಂದ 44 ಕಿಲೋ! ಕಲ್ಲಿದ್ದಲಿನ ಹೊಗೆಯ ಲೆಕ್ಕ ಬೇರೆ. ಜಗತ್ತಿನ ಬಿಸಿ ಏರುತ್ತಿದೆಯೆಂದು ಪತ್ರಿಕೆಯವರು ಬರೆಯುವಾಗ ಸಿಮೆಂಟಿನ ಹೆಸರು ಬರುವುದು ಈ ಕಾರಣಕ್ಕೆ.

ಚಿತ್ತಾಪುರದಲ್ಲಿ ನಾನು ಇಳಿಯಲಿಲ್ಲ. ಬಿಡುವಿದ್ದವರು ಇಳಿದು ನಾಗಾವಿಯ ಹಳೆಯ ಗುಡಿಗಳನ್ನು ನೋಡಬಹುದು. ಮುಂದೆ ಮಳಖೇಡ, ನೃಪತುಂಗನ ಮಾನ್ಯಖೇಟ. ಕಾಗಿಣಾ ನದಿಯ ದಂಡೆಯಲ್ಲಿ ಇಂದು ಕೋಟೆಯ ಗೋಡೆಗಳು ಉಳಿದಿವೆ, ಆಚೆಗೆ ಸಿಮೆಂಟಿನ ಚಿಮಣಿಗಳು. ಅದರ ನಂತರ ಸೇಡಂ.

ಸೇಡಂನಲ್ಲಿ ಪರಿಚಯದವರ ಮನೆಗೆ ಹೋದದ್ದು ಮೇ ತಿಂಗಳ ನಡುಮಧ್ಯಾಹ್ನ. ಹೊರಗೆ ಕಾಲಿಟ್ಟರೆ ಹೆಂಚಿನ ಮೇಲೆ ಕಾಲಿಟ್ಟ ಹಾಗೆ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುಮನೆಯ ನೆತ್ತಿಯಲ್ಲೊಂದು ಬೆಳಕಿಂಡಿ. ಹೊಸ್ತಿಲು ದಾಟಿದ್ದೇ ಜೀವ ಬಂದಂತಾಯಿತು.

"ಮಾಳಗಿ ಕೆಡವ್ತೀರಂತಲ್ರಿ ಅವ್ವಾರ?" ಎಂದೆ.

"ಹ್ಞೂಂ ಯವ್ವಾ, ಮಗ ಹಟ ಹಿಡದಾನ. ಸ್ಲ್ಯಾಬ್ ಹಾಕಸ್ತೀನಿ ಅಂತಾನ. ಸೋರೋದು ನಿಂದರ್ತದ, ಅದು ಖರೆ. ಆದ್ರ ಬ್ಯಾಸಗ್ಯಾಗ ನಾ ಎಲ್ಲಿ ಮಲಗ್ಲಿ?"

ಮಗನದೂ ತಪ್ಪಲ್ಲ. ಪ್ರತಿ ವರ್ಷ ಮಳೆಗೆ ಮೊದಲು ಮಾಳಿಗೆಗೆ ಸವಳು ಮಣ್ಣು ಹೊರಬೇಕು. ಚೇಳಿನ ಭಯ ಬೇರೆ. ಮಣ್ಣು ಹೊರುವವರು ಯಾರು? ಹೆಚ್ಚಾಗಿ ಮನೆಯ ಹೆಂಗಸರೇ. ಹಳೆಯದೆಲ್ಲ ಬಂಗಾರ ಎಂದು ದೂರದಲ್ಲಿ ಕುಳಿತು ಬರೆಯುವುದು ಸುಲಭ.

ಆ ತಣ್ಣನೆಯ ನೆಲದ ಮೇಲೆ ಕುಳಿತಾಗ ನನಗೆ ಬೆಂಗಳೂರಿನ ದೊಮ್ಮಲೂರಿನ ಒಂದು ಕಟ್ಟಡ ನೆನಪಾಯಿತು. ಟೆರಿ ಎಂಬ ಸಂಸ್ಥೆಯ ಕಚೇರಿ ಅದು. 1974ರಲ್ಲಿ ಹುಟ್ಟಿದ ಈ ಸಂಸ್ಥೆಯ ಕಸುಬೇ ಇಂಧನ ಉಳಿಸಿ, ಪರಿಸರ ಕಾಪಾಡಿ ಎಂದು ಹೇಳುವುದು. ಊರಿಗೆಲ್ಲ ಬುದ್ಧಿ ಹೇಳುವವರು ತಮ್ಮ ಮನೆಯಲ್ಲಿ ಏನು ಮಾಡುತ್ತಾರೆ ಎಂದು ನಾವು ಹೆಂಗಸರು ಮೊದಲು ನೋಡುತ್ತೇವಲ್ಲ! ಇವರು ಇಪ್ಪತ್ತು ವರ್ಷಗಳಿಗೂ ಹಿಂದೆಯೇ ಅದನ್ನು ಕಟ್ಟಿ ತೋರಿಸಿದರು. ವಾಸ್ತುಶಿಲ್ಪಿ ಸಂಜಯ್ ಮೋಹೆ. ನಿವೇಶನದ ಪಕ್ಕದಲ್ಲೇ ನಾರುವ ಚರಂಡಿ. ದಕ್ಷಿಣದ ಗಾಳಿಗೆ ಕಿಟಕಿ ತೆರೆದರೆ ಕೂರುವ ಹಾಗಿಲ್ಲ. ಕಿಟಕಿ ಮುಚ್ಚಿ ಎ.ಸಿ. ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಆ ದಿಕ್ಕಿಗೆ ಬೆನ್ನು ಕೊಟ್ಟು ಜೋಡಿ ಗೋಡೆ ಎಬ್ಬಿಸಿದರು. ಹೊರಗಿನದು ಕಪ್ಪು ಕಡಪಾ ಕಲ್ಲಿನದು, ಎರಡರ ನಡುವೆ ಖಾಲಿ ಜಾಗ. ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ, ಒಳಗಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಗೆ ಹೋಗುತ್ತದೆ. ಅದು ಹೋದ ಜಾಗಕ್ಕೆ ಉತ್ತರದ ಕಡೆಯಿಂದ ಒಳ್ಳೆಯ ಗಾಳಿ ಕೋಣೆಗಳ ಮೂಲಕ ಹರಿದು ಬರುತ್ತದೆ. ಒಲೆಯ ಮೇಲಿನ ಹೊಗೆಗೂಡು ಮಾಡುವ ಕೆಲಸವನ್ನೇ ಈ ಗೋಡೆ ಮಾಡುತ್ತದೆ, ಬೆಂಕಿಯ ಬದಲು ಸೂರ್ಯ. ಹಗಲಿನ ಬೆಳಕೂ ಉತ್ತರದಿಂದ ಮತ್ತು ಮಾಡಿನಿಂದ ಬರುವುದರಿಂದ ದೀಪದ ಖರ್ಚು ಕಡಿಮೆ. ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತಾರೆ.

ಆದರೆ ಬೆಂಗಳೂರಿನ ಉಪಾಯವನ್ನು ಇದ್ದ ಹಾಗೇ ಸೇಡಂಗೆ ತರಲಾಗದು. ಅಲ್ಲಿ ಹೊರಗಿನ ಗಾಳಿಯೇ ತಂಪು. ಇಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗಿನದು ಬೆಂಕಿ. ಅದಕ್ಕೇ ಈ ಕಡೆಯ ಹಿರಿಯರು ಹಗಲು ಬಾಗಿಲು ಮುಚ್ಚಿ, ರಾತ್ರಿ ತೆಗೆದಿಟ್ಟರು. ದಪ್ಪ ಗೋಡೆ ರಾತ್ರಿಯ ತಂಪನ್ನು ಹಗಲಿಗೆ ಉಳಿಸಿಕೊಡುತ್ತದೆ. ತೆಳ್ಳಗಿನ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಮಲಗಿದವರ ಮೇಲೆ ಕಕ್ಕುತ್ತದೆ. ಆಮೇಲೆ ಕೂಲರ್, ಅದರ ಹಿಂದೆ ಕರೆಂಟಿನ ಬಿಲ್ಲು.

ಮಗನನ್ನೂ ಕೂರಿಸಿಕೊಂಡು ಮಾತಾಡಿದೆವು. ಗೋಡೆ ಕೆಡಹುವುದು ಬೇಡ. ಮಾಳಿಗೆ ತೆಗೆದು, ತೊಲೆಗಳ ಮೇಲೆ ಫರಸಿಯನ್ನೇ ಹಾಸಿ, ಸಂದು ಮುಚ್ಚಿ, ಮೇಲೆ ಸುಣ್ಣ ಬಳಿಯಬಹುದು. ಈ ಸೀಮೆಯಲ್ಲಿ ಅಂಥ ಕಲ್ಲಿನ ಮಾಳಿಗೆಗಳು ಉಂಟು. ಸುಣ್ಣವೂ ಕಲ್ಲನ್ನು ಸುಟ್ಟೇ ಆಗುವುದು ನಿಜ, ಆದರೆ ಬಳಿದ ಸುಣ್ಣ ಒಣಗಿ ಗಟ್ಟಿಯಾಗುವಾಗ ಬಿಟ್ಟ ಅನಿಲದಲ್ಲಿ ಒಂದು ಪಾಲನ್ನು ಗಾಳಿಯಿಂದ ಮರಳಿ ಹೀರಿಕೊಳ್ಳುತ್ತದೆ. ಬೆಳಕಿಂಡಿಗೆ ಗಾಜಿನ ಬದಲು ಜಾಲರಿ ಇರಲಿ, ಮಳೆಗೆ ಮುಚ್ಚಳ ಇಟ್ಟರಾಯಿತು. "ಲೆಕ್ಕ ಹಾಕಿ ನೋಡ್ತೀನ್ರಿ ಅಕ್ಕಾರ" ಎಂದ. ಅವ್ವ ಏನೂ ಹೇಳದೆ ನಮ್ಮ ತಾಟಿಗೆ ಇನ್ನೊಂದು ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಈಗಾಗಲೇ ಸ್ಲ್ಯಾಬು ಹಾಕಿಸಿದವರು ನಿರಾಶರಾಗಬೇಡಿ. ಬೇಸಿಗೆಗೆ ಮುಂಚೆ ತಾರಸಿಗೆ ದಪ್ಪಗೆ ಎರಡು ಸಲ ಸುಣ್ಣ ಬಳಿಸಿ. ಅಡುಗೆಮನೆಯ ಗೋಡೆಯಲ್ಲಿ ಆದಷ್ಟು ಮೇಲೆ ಒಂದು ಕಿಂಡಿ ಬಿಡಿಸಿ.

ಚಿಂಚೋಳಿಗೆ ರೈಲಿಲ್ಲ, ಸೇಡಂನಿಂದ ಬಸ್ಸು ಹಿಡಿಯಬೇಕು. ಬಿಸಿಲ ಜಿಲ್ಲೆಯಲ್ಲಿ ಕಾಡೇ ಎಂದು ಮೂಗು ಮುರಿಯಬೇಡಿ. 2011ರಲ್ಲಿ ಇಲ್ಲಿಯ ಸುಮಾರು 134 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಿದ್ದಾರೆ. ಕಾಡಿನ ಒಳಗೂ ಅಂಚಿಗೂ ಲಂಬಾಣಿ ತಾಂಡಾಗಳಿವೆ. ಚಂದ್ರಂಪಳ್ಳಿ ಜಲಾಶಯದ ಏರಿಯ ಮೇಲೆ ಸಂಜೆ ನಿಂತರೆ, ಎರಡು ದಿನ ಕುಡಿದ ಧೂಳೆಲ್ಲ ಎದೆಯಿಂದ ಇಳಿದ ಹಾಗಾಗುತ್ತದೆ. ಹೋಗುವುದಿದ್ದರೆ ಮಳೆ ಹಿಡಿದ ಮೇಲೆ ಹೋಗಿ, ಆಗ ಎತ್ತಿಪೋತದ ಜಲಪಾತವೂ ಸಿಗುತ್ತದೆ. ಬುತ್ತಿಯನ್ನು ಸ್ಟೀಲಿನ ಡಬ್ಬಿಯಲ್ಲಿ ಕಟ್ಟಿಕೊಳ್ಳಿ, ನೀರಿಗೆ ತಂಬಿಗೆ ಇರಲಿ. ಸಂಜೆಯ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.