ಹುಣಸೆಯ ಕಂಪು

ಕುಷ್ಟಗಿ ಸೀಮೆಯ ಹೊಲದ ಬದುವಿನಲ್ಲಿ ನಿಂತಿರುವ ಹುಣಸೆಮರವು ಮೂಲತಃ ಆಫ್ರಿಕದ ಕಾಡುಮರವೆಂದರೆ ನಂಬುವವರು ವಿರಳ. ಅರಬರು ಅದರ ಹಣ್ಣನ್ನು ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರವೆಂದು ಕರೆದರು. ಸಸ್ಯಶಾಸ್ತ್ರದಲ್ಲಿಯೂ ಆ ಹೆಸರೇ ನಿಂತಿತು. ಬಂದ ಅತಿಥಿಯು ಅಷ್ಟರಮಟ್ಟಿಗೆ ಮನೆಯವನಾದನು! ಸವಣೂರಿನ ಕಲ್ಮಠದಲ್ಲಿರುವ ಆಫ್ರಿಕದ ಬಾವೊಬಾಬ್ ಮರಗಳನ್ನೂ, ಅವುಗಳ ಕಾಯಿಯ ತಿರುಳು ಹುಳಿಯಾದುದರಿಂದ, ಜನರು ದೊಡ್ಡಹುಣಸೆ ಎಂದೇ ಕರೆಯುತ್ತಾರೆ.

ಇಂದು ಹುಣಸೆಯ ಹೆಸರು ವಿದೇಶದ ಸುಗಂಧದ ಸೀಸೆಗಳ ಮೇಲೂ ಕಾಣಿಸುತ್ತದೆ. ಮಲ್ಲಿಗೆಯಿಂದ ಇಳಿಸಿದಂತೆ ಈ ಹಣ್ಣಿನಿಂದ ಅತ್ತರನ್ನು ಸುಲಭವಾಗಿ ಇಳಿಸಲಾಗದು. ಹಣ್ಣಿನ ಸುತ್ತಲಿನ ಗಾಳಿಯನ್ನು ಗಾಜಿನ ಬುರುಡೆಯಲ್ಲಿ ಹಿಡಿದು, ಅದರಲ್ಲಿರುವ ಅಂಶಗಳನ್ನು ಗುರುತಿಸಿ, ಅದೇ ವಾಸನೆಯನ್ನು ಬೇರೆ ದ್ರವ್ಯಗಳಿಂದ ಕೂಡಿಸುವ ವಿಧಾನವುಂಟು. ಹಲವೊಮ್ಮೆ ಸೀಸೆಯಲ್ಲಿ ಮರದ್ದೆನ್ನುವಂಥದು ಒಂದು ಹನಿಯೂ ಇರುವುದಿಲ್ಲ.

ಬಸವಣ್ಣನವರು ಮೊಗ್ಗಿನೊಳಗಿನ ಪರಿಮಳವನ್ನು ಉಪಮೆಯಾಗಿ ತಂದರು. ಅಲ್ಲಿ ಹೂವನ್ನು ಬಿಟ್ಟು ಪರಿಮಳವಿಲ್ಲ. ಇಲ್ಲಿ ಹಣ್ಣಿಲ್ಲದೆಯೇ ಅದರ ಕಂಪು. ಇದನ್ನು ಮೋಸವೆನ್ನಲಾಗದು, ಮರಕ್ಕೆ ಕೊಡಲಿ ಬೀಳದೆ ಕಂಪು ದೊರೆಯುವುದರ ಲಾಭವನ್ನು ಶ್ರೀಗಂಧದ ಗತಿ ಕಂಡ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಆದರೆ ಹಣ್ಣೇ ಬೇಡವಾದ ಮೇಲೆ ಸೀಸೆಯ ಬೆಲೆಯಲ್ಲಿ ಪಾಲು ಕೇಳುವವರಾದರೂ ಯಾರು? ಬೇಸಿಗೆಯಲ್ಲಿ ಹುಣಸೆ ಕುಟ್ಟಿ, ನಾರು ಬಿಡಿಸಿ, ಬೀಜ ತೆಗೆಯುವ ಹೆಣ್ಣುಮಕ್ಕಳ ಬೆರಳುಗಳು ಹುಳಿ ತಾಗಿ ಉರಿಯುತ್ತವೆ. ಸಂಜೆ ರೊಟ್ಟಿ ತಟ್ಟುವಾಗಲೂ ಆ ಕೈಗಳಿಂದ ಹುಣಸೆಯ ವಾಸನೆ ಹೋಗಿರುವುದಿಲ್ಲ.